ಬಾಗಿನದ ಜೊತೆ ಹೋದ ಬೆರಣಿ

ನಿಮ್ಮ ಮನೆಯಲ್ಲಿ ಯಾರಾದರೂ ಹಬ್ಬಕ್ಕೆ ಬಂದ ಉಡುಗೊರೆಯನ್ನು ಒಲೆಗೆ ಹಾಕಿ ಸುಟ್ಟದ್ದುಂಟೆ? ಕೋಪದಿಂದಲ್ಲ, ಗೊತ್ತಿಲ್ಲದೆ. ನಮ್ಮಲ್ಲಿ ಆಗಿದೆ. ಅದಕ್ಕೇ ಹಬ್ಬ ಹತ್ತಿರ ಬಂದಾಗ ಯಾರಾದರೂ, "ತರಕಾರಿ ಹುಚ್ಚು, ಅಡುಗೆ ಹುಚ್ಚು ಇರೋರಿಗೆ ಏನು ಕೊಡೋದು ಹೇಳಿ" ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಒಂದು ಬೆರಣಿ. ಹೌದು, ಸಗಣಿಯ ಬೆರಣಿಯೇ. ಮುಖ ಸಿಂಡರಿಸಬೇಡಿ, ಪೂರ್ತಿ ಓದಿ.

ಎಪ್ಪತ್ತರ ದಶಕದ ಮಾತು. ನಾನಿನ್ನೂ ಪ್ರೈಮರಿ ಶಾಲೆಯ ಹುಡುಗಿ. ತ್ಯಾಮಗೊಂಡ್ಲು ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಮನೆ, ಅದೇ ಬೀದಿಯ ತುದಿಯಲ್ಲಿ ಅಮ್ಮನ ತವರು. ಅಲ್ಲಿ ಅಜ್ಜಿ, ತಾತ, ಮತ್ತು ಆ ವರ್ಷದ ಬೇಸಿಗೆಯವರೆಗೆ ನನ್ನ ಚಿಕ್ಕಮ್ಮ.

ಚಿಕ್ಕಮ್ಮನ ತರಕಾರಿ ಹುಚ್ಚು ಊರಿಗೇ ಗೊತ್ತಿತ್ತು. ಸಂತೆಗೆ ಹೋದರೆ ಬಳೆ ಅಂಗಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬದನೆಕಾಯಿಯ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುವಳು. ಬೆಂಡೆಕಾಯಿಯ ತುದಿ ಮುರಿದು ನೋಡುವಳು. ಮಾರುವವಳು ಬಯ್ಯುತ್ತಿದ್ದಳು: "ಏ ತಾಯಿ, ಮುರಿದಿದ್ದನ್ನೆಲ್ಲಾ ನೀನೇ ತಗೊಂಡು ಹೋಗ್ಬೇಕು ನೋಡು." ಚಿಕ್ಕಮ್ಮ ಹೇಳುವಳು: "ಮುರಿಯೋದೇ ಇಲ್ವಲ್ಲಕ್ಕಾ ನಿನ್ ಬೆಂಡೆಕಾಯಿ, ಬಗ್ತದೆ. ಇದನ್ನ ಬುಟ್ಟಿ ಹೆಣೆಯೋಕೆ ಮಾರು."

ಅಜ್ಜಿಯ ಹಿತ್ತಲಲ್ಲಿ ಒಂದು ಹೀರೆಯ ಬಳ್ಳಿ ಇತ್ತು. ಉದ್ದದ ಹೀರೆಯಲ್ಲ. ಗೇಣುದ್ದದ ಕಾಯಿಗಳು, ಗೊಂಚಲು ಗೊಂಚಲಾಗಿ ಬಿಡುವ ಜಾತಿ. ಅದರಲ್ಲಿ ಒಂದು ಕಾಯಿಯೂ ಕಹಿ ಬಂದದ್ದು ನನಗೆ ನೆನಪಿಲ್ಲ. ಚಿಕ್ಕಮ್ಮ ಅದರ ಸಿಪ್ಪೆಯಲ್ಲಿ ಹುರಿಗಡಲೆ ಹಾಕಿ ಚಟ್ನಿ ಅರೆಯುವಳು, ತಿರುಳಲ್ಲಿ ಹೆಸರುಬೇಳೆ ಹಾಕಿ ಕೂಟು ಮಾಡುವಳು, ಸಂಜೆ ಮಳೆ ಬಂದರೆ ಬಿಲ್ಲೆ ಕೊಯ್ದು ಬಜ್ಜಿ. ಒಂದು ಕಾಯಿಯಲ್ಲಿ ಬಿಸಾಡುವುದು ತೊಟ್ಟು ಮಾತ್ರ.

ಆ ಬೀಜವನ್ನು ಅಜ್ಜಿ ಕಾಪಾಡುತ್ತಿದ್ದ ರೀತಿ ಹೀಗೆ. ಹಸಿ ಸಗಣಿಗೆ ಒಂದಿಷ್ಟು ಬೂದಿ ಕಲಸಿ, ಅದರೊಳಗೆ ಬೀಜ ಹುದುಗಿಸಿ, ತಟ್ಟಿ, ಗೋಡೆಗೆ ಅಂಟಿಸುವುದು. ಒಣಗಿದ ಮೇಲೆ ಹುಳು ಮುಟ್ಟುವುದಿಲ್ಲ, ಇಲಿ ಮುಟ್ಟುವುದಿಲ್ಲ. ಬಿತ್ತುವ ಕಾಲಕ್ಕೆ ಗೋಡೆಯಿಂದ ಕಿತ್ತು, ಪುಡಿ ಮಾಡಿ ಮಣ್ಣಿಗೆ ಹಾಕಿದರೆ ಬೀಜವೂ ಆಯಿತು, ಗೊಬ್ಬರವೂ ಆಯಿತು. ನೋಡುವವರಿಗೆ ಅದು ಬೆರಣಿ. ನಮ್ಮೂರಿನವರಿಗೆ ಮಾತ್ರ, ಸೌದೆ ಕೊಟ್ಟಿಗೆಯ ಗೋಡೆಯಲ್ಲಿದ್ದರೆ ಉರುವಲು, ಅಡುಗೆಮನೆಯ ಗೋಡೆಯಲ್ಲಿದ್ದರೆ ಬೀಜ ಎಂದು ಗೊತ್ತು.

ಆ ಬೇಸಿಗೆಯಲ್ಲಿ ಚಿಕ್ಕಮ್ಮನನ್ನು ದೊಡ್ಡಬಳ್ಳಾಪುರಕ್ಕೆ ಕೊಟ್ಟರು. ಚಿಕ್ಕಪ್ಪನಿಗೆ ಆಫೀಸಿನ ಕೆಲಸ. ಒಳ್ಳೆಯ ಮನೆ, ಒಳ್ಳೆಯ ಜನ, ಆದರೆ ಪೇಟೆಯ ಮನೆ. ತರಕಾರಿ ಎಂದರೆ ಸಂಜೆ ಚಿಕ್ಕಪ್ಪ ಆಫೀಸಿನಿಂದ ಬರುವಾಗ ಚೀಲದಲ್ಲಿ ತಂದದ್ದು. ಮನೆಯ ಹಿಂದೆ ಒಗೆಯುವ ಕಲ್ಲು, ಅದರ ಪಕ್ಕ ಒಂದು ಕೋಣೆಯಷ್ಟು ಖಾಲಿ ಮಣ್ಣು. ಹೋದ ದಿನದಿಂದಲೇ ಚಿಕ್ಕಮ್ಮನ ಕಣ್ಣು ಆ ಮಣ್ಣಿನ ಮೇಲೆ. ಆದರೆ ಅವಳ ಅತ್ತೆಗೆ ಅಲ್ಲಿ ಕಲ್ಲುಚಪ್ಪಡಿ ಹಾಸಿಸುವ ಆಸೆ. ಮಳೆ ಬಂದರೆ ಕೆಸರು ಒಳಗೆ ಬರುತ್ತದೆ ಎಂಬುದು ಅವರ ದೂರು, ಅದೂ ಸುಳ್ಳಲ್ಲ. ಕೊನೆಗೆ ಅತ್ತೆ ಒಂದು ಮಾತು ಹೇಳಿದ್ದರಂತೆ: "ಸಂಕ್ರಾಂತಿವರೆಗೂ ಬಿಟ್ಟಿರ್ತೀನಮ್ಮ. ಅಷ್ಟರಲ್ಲಿ ನೀನು ಏನಾದ್ರೂ ಹಾಕಿದ್ರೆ ಸರಿ. ಇಲ್ದಿದ್ರೆ ಕಲ್ಲಿನವರನ್ನ ಕರೆಸ್ತೀನಿ."

ಈ ವಿಷಯ ಅಜ್ಜಿಗೆ ತಲುಪಿತು. ಮದುವೆಯಾದ ಮೊದಲ ವರ್ಷದ ಗೌರಿ ಹಬ್ಬ, ತವರಿನ ಬಾಗಿನ ಹೋಗಲೇಬೇಕು. ಮೊರದಲ್ಲಿ ಬಳೆ, ಬಿಚ್ಚೋಲೆ, ಅರಿಶಿನ ಕುಂಕುಮ, ಬೇಳೆ ಬೆಲ್ಲ, ರವಿಕೆ ಕಣ, ಎಲ್ಲ ಜೋಡಿಸಿದ ಮೇಲೆ ಅಜ್ಜಿ ಅಡುಗೆಮನೆಯ ಗೋಡೆಯಿಂದ ಆ ಹೀರೆ ಬೀಜದ ಬೆರಣಿಯನ್ನು ಕಿತ್ತಳು. ಆ ವರ್ಷ ಬಿತ್ತಿ ಉಳಿದಿದ್ದ ಬೀಜವೆಲ್ಲ ಅದರಲ್ಲೇ ಇತ್ತು. ಮುತ್ತುಗದ ಎಲೆಯಲ್ಲಿ ಸುತ್ತಿ ಬಾಳೆನಾರಲ್ಲಿ ಕಟ್ಟಿದಳು.

ತಾತ ಜಗುಲಿಯಿಂದಲೇ ಅಂದರು: "ಬೀಗರ ಮನೆಗೆ ಹಬ್ಬಕ್ಕೆ ಸಗಣಿ ಕಳಿಸೋ ಹೆಂಗಸು ಈ ಸೀಮೆಗೇ ನೀನೊಬ್ಳೇ ಕಣೇ."

"ಬೀಗರಿಗಲ್ಲ, ನನ್ನ ಮಗಳಿಗೆ," ಅಂದಳು ಅಜ್ಜಿ. "ಅವಳಿಗೆ ಸೀರೆಗಿಂತ ಇದು ಹೆಚ್ಚು. ನಿಮಗೇನ್ ಗೊತ್ತು, ಸುಮ್ಕಿರಿ."

ಬಾಗಿನ ತೆಗೆದುಕೊಂಡು ಹೋದದ್ದು ಅಮ್ಮ ಮತ್ತು ನಾನು. ಮೊರ, ಬುಟ್ಟಿ, ಬಾಳೆ ಗೊನೆ ನೋಡಿ ಕಂಡಕ್ಟರು, "ಏನಮ್ಮಾ, ಸಂತೇನೇ ಎತ್ಕೊಂಡು ಬಂದ್ಬಿಟ್ಟಿದ್ದೀರಾ? ಇನ್ನು ಜನ ಎಲ್ಲಿ ಕೂರೋದು?" ಎಂದು ರೇಗಿದ. ಅಮ್ಮ ಒಂದು ಬಾಳೆಹಣ್ಣು ಕೊಟ್ಟು ಬಾಯಿ ಮುಚ್ಚಿಸಿದಳು.

ಎಲೆಯ ಕಟ್ಟನ್ನು ಚಿಕ್ಕಮ್ಮ ಬಿಚ್ಚಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಬಳೆ ನೋಡಿ ನಕ್ಕವಳು ಬೆರಣಿ ನೋಡಿ ಅತ್ತೇಬಿಟ್ಟಳು. ಮೂಗಿನ ಹತ್ತಿರ ಹಿಡಿದು ಮೂಸಿದಳು ಕೂಡ. ಆಮೇಲೆ ಮಾಡಿದ ಕೆಲಸವೇ ಎಡವಟ್ಟು. ಬೀಜಕ್ಕೆ ಹೊಗೆ ತಾಗುತ್ತಿದ್ದರೆ ಒಳ್ಳೆಯದು ಎಂಬುದು ನಮ್ಮೂರ ಪಾಠ. ಆ ಮನೆಯ ಅಡುಗೆಮನೆಯಲ್ಲಿ ಸೀಮೆಎಣ್ಣೆಯ ಸ್ಟವ್ ಬಂದಿತ್ತು. ಹೊಗೆ ಇದ್ದದ್ದು ಬಚ್ಚಲಿನ ಹಂಡೆ ಒಲೆಯಲ್ಲಿ ಮಾತ್ರ. ಅವಳು ಆ ಒಲೆಯ ಮೇಲಿನ ಗೂಡಿನಲ್ಲಿ ಬೆರಣಿಯನ್ನು ಇಟ್ಟಳು. ಅತ್ತೆಗೆ ಹೇಳಬೇಕು ಎಂದು ತೋಚಲಿಲ್ಲ. ಇದು ಬೀಜ ಎಂದು ಯಾರಿಗೆ ತಾನೇ ಗೊತ್ತಾಗುವುದಿಲ್ಲ!

ಮರುದಿನ ಹಬ್ಬ. ಬೆಳಿಗ್ಗೆ ಎಲ್ಲರಿಗೂ ತಲೆಗೆ ಸ್ನಾನ. ಅತ್ತೆ ಎಲ್ಲರಿಗಿಂತ ಮುಂಚೆ ಎದ್ದು ಹಂಡೆಗೆ ಉರಿ ಹಾಕುತ್ತಿದ್ದರು. ಮಳೆಗಾಲ, ಸೌದೆ ಹಸಿ, ಉರಿ ಹತ್ತುತ್ತಿಲ್ಲ. ತಲೆ ಎತ್ತಿದರೆ ಗೂಡಿನಲ್ಲಿ ದುಂಡಗೆ, ಗರಿಗರಿಯಾಗಿ ಒಣಗಿದ ಬೆರಣಿ. ಇಟ್ಟವರಿಗೆ ಪುಣ್ಯ ಬರಲಿ ಅಂದುಕೊಂಡೇ ಮುರಿದು ಒಳಗೆ ತಳ್ಳಿರಬೇಕು.

ನಾವು ಅಡುಗೆಮನೆಯಲ್ಲಿ ಕೂತು ಕಾಯಿ ತುರಿಯುತ್ತಿದ್ದೆವು. ಬಚ್ಚಲಿನಿಂದ ಚಟಪಟ ಸದ್ದು, ಸಾಸಿವೆ ಸಿಡಿದ ಹಾಗೆ. ಹಿಂದೆಯೇ ಅತ್ತೆಯ ದನಿ: "ಇದೇನಮ್ಮಾ ಇದು, ಬೆರಣಿ ಒಗ್ಗರಣೆ ಹಾಕ್ತಿದೆ?"

ಚಿಕ್ಕಮ್ಮ ತುರಿಯುವ ಮಣೆ ಬಿಟ್ಟು ಓಡಿದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಒಲೆಯ ಮುಂದೆ ಕುಸಿದು ಕೂತು ಅಳತೊಡಗಿದಳು. ಅತ್ತೆ ಕಕ್ಕಾಬಿಕ್ಕಿ.

"ಏನಾಯ್ತೇ? ಕೈ ಸುಟ್ಕೊಂಡ್ಯಾ?"

"ಅದು ಬೀಜ ಅತ್ತೆ. ಅಮ್ಮ ಕಳಿಸಿದ್ದು."

"ಬೀಜಾನಾ? ಸಗಣೀಲಿ?"

"ಹೂಂ."

"ಹಂಗಂತ ಹೇಳ್ಬೇಕಲ್ವೇನಮ್ಮಾ! ಬೆರಣೀನ ಒಲೆ ಮೇಲೆ ಇಟ್ರೆ ನಾನೇನು ಪೂಜೆ ಮಾಡ್ಲಾ?" ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅವರಿಗೂ ನೋವಾಗಿತ್ತು. ಹಬ್ಬದ ದಿನ ಸೊಸೆ ಕಣ್ಣೀರು ಹಾಕಿದರೆ ಯಾವ ಅತ್ತೆಗೆ ಒಳ್ಳೆಯ ಹೆಸರು ಬರುತ್ತದೆ? ಅಮ್ಮನ ಕಡೆ ತಿರುಗಿ ಕೇಳೇಬಿಟ್ಟರು: "ಬಾಗಿನದ ಜೊತೆ ಸಗಣಿ ಕಳಿಸೋದು ನಿಮ್ಮಲ್ಲಿ ಪದ್ಧತೀನಾ?"

ಅಮ್ಮ ತುರಿಯುವ ಮಣೆ ಎಳೆದುಕೊಂಡು ಉಳಿದ ಕಾಯಿ ತುರಿಯತೊಡಗಿದಳು. ಪೂಜೆ ನಡೆಯಿತು, ಒಬ್ಬಟ್ಟು ಬಡಿಸಿದರು, ಚೆನ್ನಾಗಿಯೂ ಇತ್ತು. ಆದರೆ ಅತ್ತೆ ಸೊಸೆ ಇಬ್ಬರೂ ನಮ್ಮ ಜೊತೆ ಮಾತಾಡಿದರೇ ಹೊರತು ಒಬ್ಬರ ಜೊತೆ ಒಬ್ಬರು ಆಡಲಿಲ್ಲ. ನಾವು ಹೊರಡುವಾಗ ಚಿಕ್ಕಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಅಂದಳು: "ಬಿಡಕ್ಕಾ, ಕಲ್ಲೇ ಹಾಸಲಿ. ಇನ್ನು ನಾನು ಕೇಳಲ್ಲ."

ಊರಿಗೆ ಬಂದು ಅಮ್ಮ ಎಲ್ಲ ಹೇಳಿದಳು. ಅಜ್ಜಿ ಬೀಗಿತಿಯನ್ನು ಬೈಯುತ್ತಾಳೆ ಎಂದು ನಾನು ಕಾದಿದ್ದೆ. ಅವಳು ಮೊದಲು, ಒಗ್ಗರಣೆಯ ಮಾತಿಗೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಂದಳು: "ನಂದೇ ತಪ್ಪು ಕಣವ್ವಾ. ಒಲೆ ಆಯಮ್ಮಂದು, ಹಿತ್ಲು ಆಯಮ್ಮಂದು. ನಾನು ಮಗಳಿಗೆ ಅಂತ ಗುಟ್ಟಾಗಿ ಕಳಿಸಿದ್ರೆ ಆಯಮ್ಮಂಗೆ ಹೆಂಗ್ ಗೊತ್ತಾಗ್ತದೆ?"

ಹಿತ್ತಲಲ್ಲಿ ಆ ವರ್ಷದ ಬಳ್ಳಿ ಇನ್ನೂ ಕಾಯಿ ಬಿಡುತ್ತಿತ್ತು. ಬೀಜಕ್ಕೆಂದು ಬಿಟ್ಟ ಒಂದು ಕಾಯಿಗೆ ಅಜ್ಜಿ ಕೆಂಪು ಬಟ್ಟೆಯ ಚೂರು ಕಟ್ಟಿದ್ದಳು. ಹಾಗೆ ಕಟ್ಟಿದ್ದನ್ನು ಯಾರೂ ಕೀಳಬಾರದು. ಅದು ಬಲಿತು, ಹಳದಿಯಾಗಿ, ಕಂದುಬಣ್ಣಕ್ಕೆ ತಿರುಗಿ, ಬಳ್ಳಿ ಒಣಗಿದ ಮೇಲೂ ಚಪ್ಪರದಲ್ಲಿ ತೂಗಾಡುತ್ತಿತ್ತು. ಪಕ್ಕದ ಮನೆಯಾಕೆ ಮೈ ಉಜ್ಜುವ ನಾರಿಗೆ ಬೇಕು ಅಂದಳು. "ಮುಟ್ಟೀಯಾ ಜೋಕೆ. ಅದು ದೊಡ್ಡಬಳ್ಳಾಪುರದ ಸೊತ್ತು," ಅಂದಳು ಅಜ್ಜಿ.

ಸಂಕ್ರಾಂತಿಗೆ ಅಜ್ಜಿ ತಾನೇ ಹೊರಟಳು. ಜೊತೆಗೆ ಮತ್ತೆ ಅಮ್ಮ ಮತ್ತು ನಾನು. ತಟ್ಟೆಯಲ್ಲಿ ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ಜಲ್ಲೆ, ಅದರ ಮೇಲೆ ಆ ಒಣಗಿದ ಹೀರೆಕಾಯಿ, ಇಡೀ ಕಾಯಿ, ಕೆಂಪು ಬಟ್ಟೆಯ ಸಮೇತ. ಮಗಳು ಎದುರಿಗೇ ನಿಂತಿದ್ದರೂ ಅಜ್ಜಿ ತಟ್ಟೆಯನ್ನು ಬೀಗಿತಿಯ ಕೈಗೇ ಕೊಟ್ಟಳು.

"ಹೋದ ಸಲ ನಿಮಗೆ ಹೇಳ್ದೆ ಕಳಿಸಿ ತಪ್ಪು ಮಾಡ್ದೆ. ಇದು ನಿಮಗೇ. ನಮ್ಮನೆ ಹೀರೆ. ಹಾಕ್ತೀರೋ, ಸುಡ್ತೀರೋ, ನಿಮ್ಮಿಷ್ಟ."

ಅತ್ತೆ ಕಾಯಿಯನ್ನು ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. ಗಿಲಕಿಯ ಹಾಗೆ ಗಲಗಲ ಅಂದಿತು. ಅವರ ಮುಖ ಬೇರೆಯೇ ಆಯಿತು.

"ಅಯ್ಯೋ, ಸಾಸಲು ಹತ್ರ ನಮ್ಮ ತವರಲ್ಲಿ ಹಿಂಗೇ ಇಡೋದು. ತೊಲೆಗೆ ಸಾಲಾಗಿ ಕಟ್ಟಿರ್ತಿದ್ರು. ಇಡೀ ಕಾಯಿ." ತುದಿಯ ಚಿಕ್ಕ ಮುಚ್ಚಳವನ್ನು ಉಗುರಿನಲ್ಲಿ ಎಬ್ಬಿಸಿದರು, ಬಗ್ಗಿಸಿದರು. ಕಪ್ಪು ಬೀಜಗಳು ಅವರ ಅಂಗೈಗೆ ಜಾರಿದವು. "ಹಿಂಗೆ ಕಳಿಸಿದ್ರೆ ಯಾರಮ್ಮಾ ಸುಡ್ತಿದ್ರು? ಸಗಣೀಲಿ ಬೀಜ ಇಡ್ತಾರೆ ಅಂತ ನಾನು ಕಂಡಿದ್ರೆ ತಾನೇ?"

"ತೊಲೆಗೆ ಕಟ್ಟಿದ್ರೆ ಇಲಿ ತಿನ್ನಲ್ವಾ?" ಅಜ್ಜಿ ಕೇಳಿದಳು.

"ನಮ್ಮೂರ ಇಲಿಗಳು ಮರ್ಯಾದಸ್ತರು ಬಿಡಿ."

ಅಜ್ಜಿ ನಕ್ಕಳು, ಅವರೂ ನಕ್ಕರು. ಸೊಸೆಯ ಕಡೆ ತಿರುಗಿ ಅತ್ತೆ ಅಂದರು: "ಏನು ನೋಡ್ತಾ ನಿಂತಿದ್ದೀಯೇ? ಗುಣಿ ತೋಡ್ಹೋಗು. ಬೀಜ ನಾನೇ ಹಾಕ್ತೀನಿ. ನೀನು ಹಾಕಿದ್ರೆ ಎಲ್ಲಿ ಇಟ್ಟೆ ಅಂತ ಮತ್ತೆ ಯಾರಿಗೂ ಹೇಳಲ್ಲ."

ಕಲ್ಲಿನವರು ಆಮೇಲೆ ಬಂದರು. ಒಗೆಯುವ ಕಲ್ಲಿನ ಸುತ್ತ ಚಪ್ಪಡಿ ಹಾಸಿದರು, ಬಳ್ಳಿಯ ಬುಡದಲ್ಲಿ ಮಣ್ಣನ್ನು ಬಿಟ್ಟರು. ಬಟ್ಟೆ ಒಗೆದ ಮೇಲೆ ಜಾಲಿಸಿದ ನೀರು ಆ ಕಡೆಗೇ ಹರಿಯುವ ಹಾಗೆ ಇಳಿಜಾರು ಕೊಡಿಸಿದ್ದು ಅತ್ತೆಯೇ. ಬೇಸಿಗೆ ರಜೆಗೆ ನಾನು ಅಲ್ಲಿಗೆ ಹೋದಾಗ ಇಬ್ಬರೂ ಒರಳಿನ ಮುಂದೆ ಜಗಳವಾಡುತ್ತಿದ್ದರು, ಸಿಪ್ಪೆ ಚಟ್ನಿಗೆ ಹುಣಸೆ ಎಷ್ಟು ಎಂದು. ಅಷ್ಟು ಒಳ್ಳೆಯ ಜಗಳವನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮುಂದಿನ ಗೌರಿ ಹಬ್ಬಕ್ಕೆ ಚಿಕ್ಕಮ್ಮ ತವರಿಗೆ ಬಂದಳು. ಅತ್ತೆ ಅಜ್ಜಿಗೆಂದು ಏನೋ ಕಳಿಸಿದ್ದರು, ಎಲೆಯಲ್ಲಿ ಸುತ್ತಿದ್ದು. ಬಿಚ್ಚಿದರೆ ಒಂದು ಬೆರಣಿ. ಅಂಚು ಒಡೆದು, ಸೊಟ್ಟಗೆ, ಜೀವನದಲ್ಲಿ ಮೊದಲ ಸಲ ತಟ್ಟಿದವರ ಕೈಕೆಲಸ ಎಂದು ನೋಡಿದರೇ ತಿಳಿಯುತ್ತಿತ್ತು. ನಡುವೆ ದೊಡ್ಡದಾಗಿ ಕುಂಕುಮದ ಬೊಟ್ಟು.

"ಸಾಸಲು ಸೌತೆ ಬೀಜ ಅಂತೆ," ಅಂದಳು ಚಿಕ್ಕಮ್ಮ. "ಬೊಟ್ಟು ಇಟ್ಟಿದ್ದೀನಿ, ಒಲೆಗೆ ಹಾಕ್ಬೇಡಿ ಅಂತ ಹೇಳು ಅಂದ್ರು."

ಅಜ್ಜಿ ಅದನ್ನು ಅಡುಗೆಮನೆಯ ಗೋಡೆಯಲ್ಲಿ, ಹೀರೆ ಬೆರಣಿ ಇದ್ದ ಜಾಗದಲ್ಲೇ, ಮೊಳೆ ಹೊಡೆದು ನಾರಿನಲ್ಲಿ ಕಟ್ಟಿ ನೇತುಹಾಕಿದಳು. ಅಲ್ಲಿಂದ ಮುಂದೆ ಅವಳು ತಟ್ಟಿದ ಬೀಜದ ಬೆರಣಿಗೆಲ್ಲ ಕುಂಕುಮ ಬಿತ್ತು. ತಾತ, "ಇನ್ನು ಆರತಿ ಒಂದು ಬಾಕಿ," ಅನ್ನುತ್ತಿದ್ದರು.

ಹಾಗಾಗಿ ನನ್ನನ್ನು ಕೇಳಿದರೆ, ಅಡುಗೆ ಹುಚ್ಚಿನವರಿಗೆ ಹೊಸ ಬಾಣಲೆ ಬೇಡ, ಅವರ ಹತ್ತಿರ ಆಗಲೇ ನಾಲ್ಕಿರುತ್ತವೆ. ಒಂದು ಹಿಡಿ ಬೀಜ ಕೊಡಿ. ನಿಮ್ಮ ಮನೆಯಲ್ಲಿ ತಿಂದು ರುಚಿ ಗೊತ್ತಿರುವ ಬೀಜ. ಆದರೆ ಆ ಮನೆಯ ಒಲೆ ಯಾರದ್ದೋ ಅವರ ಕೈಗೇ ಕೊಡಿ, ಏನೆಂದು ಬಾಯಿಬಿಟ್ಟು ಹೇಳಿ ಕೊಡಿ.

ಈಗ ನಿಮ್ಮ ಸರದಿ. ನಿಮ್ಮ ಅಜ್ಜಿಯರು ಬೀಜ ಎಲ್ಲಿ ಅಡಗಿಸಿಡುತ್ತಿದ್ದರು? ಗೋಡೆಯಲ್ಲೋ, ತೊಲೆಯಲ್ಲೋ, ಬೂದಿಯ ಮಡಕೆಯಲ್ಲೋ? ಅದನ್ನು ಯಾರಾದರೂ ಸುಟ್ಟರೆ, ಹುರಿದು ತಿಂದರೆ, ಅದನ್ನೂ ಮುಚ್ಚಿಡದೆ ಕೆಳಗೆ ಬರೆಯಿರಿ. ಎಲ್ಲವನ್ನೂ ಓದುತ್ತೇನೆ.