ಡಾಲ್ಫಿನ್ ಕಾರ್ಡಿನ ಕೊನೆಯ ಸಾಲು

೧೯೬೧ರಲ್ಲಿ ನಾನು ಮೈಸೂರಿನ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಮ್ಯೂಸಿಯಂ ನೋಡಿಕೊಳ್ಳುವ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ವಿಭಾಗದ ಮುಖ್ಯಸ್ಥರು ನನಗೆ ಪಾಠ ಹೇಳಿದ ಮೇಷ್ಟ್ರೇ. ಆ ಕೆಲಸ ಕೊಡಿಸಿದವರೂ ಅವರೇ.

ಹೊಸ ಕೋರ್ಸಿಗೆ ಅನುಮತಿ ಕೊಡುವ ಸಮಿತಿ ಬರುವುದಿತ್ತು. ಬಾಗಿಲ ಎದುರಿನ ಗಾಜಿನ ಬೀರುವಿನಲ್ಲಿ ಮಡಿವಾಳ ಹಕ್ಕಿಯನ್ನೂ ಡಾಲ್ಫಿನ್ನಿನ ತಲೆಬುರುಡೆಯನ್ನೂ ಪಕ್ಕಪಕ್ಕ ಇಟ್ಟೆ. ಮ್ಯೂಸಿಯಂ ನೋಡಲು ಬಂದವರೆಲ್ಲ ಡಾಲ್ಫಿನ್ ಅಂದರೆ ಮೀನು ಅಂತಲೇ ತಿಳಿದಿದ್ದರು, ನನಗೆ ಅದೇ ಸಿಟ್ಟು. ಎರಡೂ ಬೆನ್ನೆಲುಬಿರುವ, ಬಿಸಿರಕ್ತದ, ಶ್ವಾಸಕೋಶದಿಂದ ಉಸಿರಾಡುವ ಜೀವಿಗಳು. ಅಲ್ಲಿಂದಾಚೆ ದಾರಿ ಬೇರೆ. ಮಡಿವಾಳ ಹಕ್ಕಿಗಳ ಏವ್ಸ್ ವರ್ಗದ್ದು, ಹಾಡುಹಕ್ಕಿಗಳಿರುವ ಪ್ಯಾಸರಿಫಾರ್ಮೀಸ್ ಗಣದ್ದು. ಡಾಲ್ಫಿನ್ ಮರಿಗೆ ಹಾಲೂಡಿಸುವ ಸ್ತನಿ, ತಿಮಿಂಗಿಲಗಳ ಸಿಟೇಶಿಯ ಗಣದ್ದು.

ಪ್ರತಿ ಮಾದರಿಯ ಮುಂದೂ ಅದರ ವಿವರದ ಒಂದು ಕಾರ್ಡು ಇಡುತ್ತಿದ್ದೆವು. ಅದರ ಕೊನೆಯ ಸಾಲು ‘ಸ್ಥಿತಿ’. ಪ್ರಾಣಿ ಹೇರಳವೋ, ಸಾಮಾನ್ಯವೋ, ಅಳಿಯುತ್ತಿದೆಯೋ ಎಂದು ಅಲ್ಲಿ ಬರೆಯಬೇಕು. ಮಡಿವಾಳವನ್ನು ಎರಡು ವರ್ಷ ಕಾಲೇಜಿನ ಕಾಂಪೌಂಡಿನಲ್ಲೇ ದಿನಾ ನೋಡಿದ್ದೆ, ಧೈರ್ಯವಾಗಿ ‘ಸಾಮಾನ್ಯ’ ಎಂದೆ. ನಮ್ಮ ಕರಾವಳಿಯ ಡಾಲ್ಫಿನ್‌ಗಳನ್ನು ಯಾರಾದರೂ ಎಣಿಸಿದ್ದು ನಾನು ಕೇಳಿರಲಿಲ್ಲ. ಆ ಸಾಲು ಖಾಲಿ ಇರಲಿ ಎಂದು ಮೇಷ್ಟ್ರಿಗೆ ಹೇಳಿದೆ. ಅವರು ಆಗಲಿ ಎಂದು ತಲೆಯಾಡಿಸಿದರು.

ನಮ್ಮ ವಿಭಾಗದಲ್ಲೊಂದು ಪದ್ಧತಿ ಇತ್ತು. ಖಾಲಿ ಕಾರ್ಡುಗಳ ಕಟ್ಟಿಗೆ ನಾನು ಮೊದಲೇ ರುಜು ಹಾಕಿ ಕೊಡುತ್ತಿದ್ದೆ, ನಾನು ಹೇಳಿದ ವಿವರಗಳನ್ನು ಮೇಷ್ಟ್ರು ಬಿಡುವಾದಾಗ ಅವುಗಳ ಮೇಲೆ ಟೈಪು ಮಾಡಿಸುತ್ತಿದ್ದರು. ಅದರಲ್ಲಿ ತಪ್ಪಿದೆ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಸಮಿತಿಯ ಹಿರಿಯರೊಬ್ಬರು ಡಾಲ್ಫಿನ್ನಿನ ಎದುರು ನಿಂತರು. ಖಾಲಿ ಇರಬೇಕಿದ್ದ ಕೊನೆಯ ಸಾಲಿನಲ್ಲಿ ‘ಹೇರಳ’ ಎಂದಿತ್ತು. ಎಣಿಸಿದವರು ಯಾರು ಎಂದು ಕೇಳಿದರು.

ಮೇಷ್ಟ್ರು ನನ್ನ ಕಡೆ ತಿರುಗಲಿಲ್ಲ. “ರುಜು ಇವರದೇ ಇದೆಯಲ್ಲ ಸಾರ್. ನಾನು ನಂಬ್ಕೊಂಡ್ಬುಟ್ಟೆ.”

ಗುರುಗಳನ್ನು ಅಷ್ಟು ಜನರ ಎದುರು ಸುಳ್ಳರೆನ್ನಲು ನನಗೆ ಬಾಯಿ ಬರಲಿಲ್ಲ. ಸಂಜೆ ಅವರ ಕೋಣೆಗೆ ಹೋಗಿ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

“ಖಾಲಿ ಇದ್ರೆ ಕೆಲಸ ಅರ್ಧಂಬರ್ಧ ಅಂದ್ಕೊಳ್ತಿದ್ರು ಕಣಯ್ಯ. ನೀನಿನ್ನೂ ಚಿಕ್ಕವನು, ಬೇರೆ ಕಡೆ ಎಲ್ಲಾದ್ರೂ ಕೆಲಸ ಸಿಗುತ್ತೆ ಬುಡು.”

ಕೋರ್ಸಿಗೆ ಅನುಮತಿ ಸಿಕ್ಕಿತು. ನನ್ನ ಬಗ್ಗೆ ‘ಬೇಜವಾಬ್ದಾರಿ’ ಎಂದು ವರದಿಯಾಯಿತು, ಕೆಲಸ ಹೋಯಿತು. ಕೆಲಸಕ್ಕಿಂತ ‘ಬುಡು’ ಎಂದ ಆ ಹಗುರ ದನಿಯೇ ನನ್ನನ್ನು ಹೆಚ್ಚು ಸುಟ್ಟಿದ್ದು.

ಆಮೇಲೆ ನಾನು ಖಾಲಿ ಹಾಳೆಗೆ ರುಜು ಹಾಕಲಿಲ್ಲ. ಆದರೆ ನಾನು ಕಲಿತ ಪಾಠ ಅಷ್ಟೇ ಅಲ್ಲ. ಕಾಣದ ಡಾಲ್ಫಿನ್ನಿನ ಬಗ್ಗೆ ಒಂದು ಪದ ಬರೆಯಲು ಹೆದರಿದ ನಾನು, ಮನಸ್ಸಿನಲ್ಲಿದ್ದ ಮೇಷ್ಟ್ರ ಕಾರ್ಡಿನಲ್ಲಿ ಮಾತ್ರ ಏನೂ ಪರೀಕ್ಷಿಸದೆ ‘ನಂಬಬಹುದು’ ಎಂದು ನನ್ನ ಕೈಯಾರೆ ತುಂಬಿಟ್ಟುಕೊಂಡಿದ್ದೆ.