ನರ್ಸ್ ಕಲಿಸುತ್ತಿದ್ದ ಪಾಠ

ನನ್ನ ಗೆಳತಿ ನಾನು ಪಾಠ ಮಾಡುವ ಶಾಲೆಯ ನರ್ಸ್ ಆಗಿದ್ದಳು. ಎಚ್‌ಐವಿ ಪಾಠವೆಂದರೆ ಅವಳಿಗೆ ಭಾಷಣವಲ್ಲ. ಹತ್ತನೆಯ ತರಗತಿಯವರನ್ನು ಜೋಡಿಯಾಗಿ ಕೂರಿಸಿ, "ಕಾಂಡೋಮ್ ಇಲ್ಲದಿದ್ರೆ ಬೇಡ" ಎಂದು ಮುಖ ನೋಡಿ ಹೇಳುವುದನ್ನು ಅಭ್ಯಾಸ ಮಾಡಿಸುತ್ತಿದ್ದಳು.

"ಇದೆಲ್ಲ ಯಾಕಮ್ಮ? ಮದುವೆವರೆಗೂ ದೂರ ಇರ್ತೀವಿ ಅಂತ ಒಂದು ಪ್ರತಿಜ್ಞೆ ಮಾಡಿಸಿದ್ರೆ ಸಾಕಲ್ವಾ?" ಎಂದಿದ್ದರು ಮುಖ್ಯೋಪಾಧ್ಯಾಯರು.

"ಹೋದ ವರ್ಷ ಪ್ರತಿಜ್ಞೆ ಮಾಡಿದವ್ರೇ ಈಗ ಹೆದರ್ಕೊಂಡು ನನ್ನ ಬಾಗಿಲು ತಟ್ತಿದಾರೆ ಸಾರ್. 'ಕಾಂಡೋಮ್' ಅಂತ ನೀವೇ ಒಂದ್ಸಲ ಹೇಳಿ ನೋಡೋಣ."

ಮಹಾನುಭಾವರಿಗೆ ಕೆಮ್ಮು ಬಂದಿತ್ತು.

ಅವಳು ತೀರಿಕೊಂಡು ತಿಂಗಳಾಗಿಲ್ಲ, ಪಾಠ ನಿಂತಿತು. ನಿನ್ನೆ ಮುಖ್ಯೋಪಾಧ್ಯಾಯರು ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಪರಿಶುದ್ಧತೆಯ ಪ್ರತಿಜ್ಞೆ ಮಾಡಿಸಿದರು. ಎರಡೇ ನಿಮಿಷ. ಒಂದು ಮಗುವೂ ಪ್ರಶ್ನೆ ಕೇಳಲಿಲ್ಲ.

"ನೋಡಿದ್ರಾ ಮೇಡಂ, ಎಷ್ಟು ಚೆನ್ನಾಗಿ ಅರ್ಥವಾಗಿದೆ!" ಎಂದು ಅವರು ನನ್ನ ಮುಂದೆ ಬೀಗಿದರು.