ಸಿಸ್ಟರಮ್ಮ ಹೊಲಿದ ಟರ್ಕಿ ಕೋಳಿ

ಸಿಸ್ಟರಮ್ಮ ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಆಪರೇಷನ್ ವಾರ್ಡಿನಲ್ಲಿ ನರ್ಸಾಗಿದ್ದವರು. ನಿವೃತ್ತರಾಗಿ ನಾಲ್ಕು ವರ್ಷವಾದರೂ ಮನೆಯನ್ನು ವಾರ್ಡಿನಂತೆಯೇ ನಡೆಸುತ್ತಿದ್ದರು. ಗಂಡ, ಮಾಜಿ ಡ್ರಾಯಿಂಗ್ ಮೇಷ್ಟ್ರು, ಆ ಶಿಸ್ತಿಗೆ ಎಂದೋ ಶರಣಾಗಿ ಪತ್ರಿಕೆಯ ಹಿಂದೆ ಬದುಕುವುದನ್ನು ಕಲಿತಿದ್ದರು.

ಹೊರದೇಶದ ಸೊಸೆ ಮನೆಗೆ ಬಂದದ್ದಕ್ಕೆ ಒಂದು ರೀತಿಯಲ್ಲಿ ಸಿಸ್ಟರಮ್ಮನೇ ಕಾರಣ. ಮಂಡಿನೋವಿಗೆಂದು ಫಿಸಿಯೋಥೆರಪಿಗೆ ಹೋದಾಗ ಅಲ್ಲಿ ಕೆಲಸಕ್ಕಿದ್ದ ಹುಡುಗಿಯನ್ನು "ಕೈ ಅಂದ್ರೆ ಅವಳ ಕೈ" ಎಂದು ಹೊಗಳಿದ್ದೇ ಹೊಗಳಿದ್ದು. ಅಮ್ಮನನ್ನು ಕರೆತರಲು ಹೋಗುತ್ತಿದ್ದ ಮಗ ಆ ಹೊಗಳಿಕೆಯನ್ನು ಅಗತ್ಯಕ್ಕಿಂತ ಹೆಚ್ಚು ಮನಸ್ಸಿಗೆ ಹಚ್ಚಿಕೊಂಡ. ಮದುವೆಯಾಗಿ ಎಂಟು ತಿಂಗಳಾಗಿತ್ತು.

ಸೊಸೆ ಕನ್ನಡ ಕಲಿತಿದ್ದೆಲ್ಲ ರೋಗಿಗಳ ಜೊತೆ. ಹಾಗಾಗಿ ಏನು ಹೇಳಿದರೂ ಕಸರತ್ತು ಮಾಡಿಸುವ ಧಾಟಿ.

"ಅತ್ತೆ, ಕೂತ್ಕೊಳ್ಳಿ. ಉಸಿರು ಬಿಡಿ. ಗುರುವಾರ ನಮ್ಮ ದೇಶದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮನೆಯವರೆಲ್ಲ ಸೇರಿ ಊಟ. ಒಂದು ಟರ್ಕಿ ಕೋಳಿ ಇಡಿಯಾಗಿ ಸುಡ್ಬೇಕು. ಸ್ವಲ್ಪ ಕಷ್ಟ ಆಗುತ್ತೆ, ಭಯ ಬೇಡ."

ಎಂಟು ತಿಂಗಳಲ್ಲಿ ಹುಡುಗಿ ಏನನ್ನೂ ಕೇಳಿದವಳಲ್ಲ. ಸಿಸ್ಟರಮ್ಮ ಹೂಂ ಅಂದರು. ಹೂಂ ಅಂದದ್ದೇ ತಪ್ಪಾಯಿತು.

ನಾಲ್ಕು ಕೆ.ಜಿ. ಕೋಳಿ ಬೇಕೆಂದು ಫಾರ್ಮಿಗೆ ಹೇಳಿದ್ದರೆ ಗುರುವಾರ ಬೆಳಿಗ್ಗೆ ಬಂದದ್ದು ಒಂಬತ್ತು ಕೆ.ಜಿ.ಯದು. ಅಲ್ಲಿ ಉಳಿದಿದ್ದೇ ಅದೊಂದಂತೆ. ಮಗ ಅದನ್ನು ಅಡುಗೆಮನೆ ಕಟ್ಟೆಯ ಮೇಲೆ ಇಳಿಸಿ, "ನಂಗೆ ರಜ ಇಲ್ಲಮ್ಮ" ಎಂದು ಹಲ್ಲಿನ ಸೆಟ್ಟು ಮಾಡುವ ತನ್ನ ಲ್ಯಾಬಿಗೆ ಜಾರಿಕೊಂಡ. ಕೇಕು ಬೇಯಿಸಲು ತಂದಿದ್ದ ಪುಟ್ಟ ಓವನ್ನಿಗೆ ಅತ್ತೆ-ಸೊಸೆ ಸೇರಿ ಕೋಳಿಯನ್ನು ತುರುಕಿದರು. ಕಾಲೆರಡು ಹೊರಗೇ ಉಳಿದವು. ಎಳೆದು ತೆಗೆಯುವಾಗ ಬಾಗಿಲಿಗೆ ತಗುಲಿ ಎದೆಯ ಚರ್ಮ ಗೇಣುದ್ದ ಹರಿಯಿತು.

"ತುಂಡು ಮಾಡೋಣ," ಎಂದರು ಸಿಸ್ಟರಮ್ಮ.

"ಇಲ್ಲ ಅತ್ತೆ. ಇಡಿಯಾಗೇ ಟೇಬಲ್ಲಿಗೆ ಬರ್ಬೇಕು." ಸೊಸೆಯ ಕಣ್ಣಂಚಿನಲ್ಲಿ ನೀರಿತ್ತು.

ಸಿಸ್ಟರಮ್ಮ ಹಲ್ಲು ಕಚ್ಚಿಕೊಂಡು ಸೂಜಿ, ಬಿಳಿ ದಾರ ತಂದರು. ಡಾಕ್ಟರುಗಳು ಹೊಲಿಯುವುದನ್ನು ಮೂವತ್ತೊಂದು ವರ್ಷ ನೋಡಿದವರು. ಹನ್ನೊಂದು ಹೊಲಿಗೆ ಹಾಕಿದರು. "ಬದುಕಿರೋರು ಇಷ್ಟು ಕಾಟ ಕೊಟ್ಟಿರ್ಲಿಲ್ಲ," ಎಂದು ಗೊಣಗುತ್ತಾ ದೊಡ್ಡ ತಟ್ಟೆಯ ಸಮೇತ ಆಟೋ ಹತ್ತಿ, ದೊಡ್ಡ ಓವನ್ ಇದ್ದ ಬೇಕರಿಗೆ ಹೋದರು.

"ಮೂರು ಗಂಟೆಗೆ ತೆಗೆದ್ಬಿಡ್ಬೇಕು ಸಿಸ್ಟರಮ್ಮ. ನಾಲ್ಕಕ್ಕೆ ನನ್ನ ಬನ್ ಒಳಗೆ ಹೋಗ್ಬೇಕು," ಎಂದ ಬೇಕರಿಯವನು.

ಊಟ ಮೂರೂವರೆಗೆ ಎಂದು ಮೊದಲೇ ಹೇಳಿದ್ದರೂ ಮೈದುನ, ಓರಗಿತ್ತಿ ಒಂದು ಗಂಟೆಗೇ ಹಾಜರಾದರು. ಮೂರೂವರೆಗೆ ಯಾರಾದರೂ ಉಣ್ಣುತ್ತಾರೆಂದು ಅವರು ನಂಬಿರಲೇ ಇಲ್ಲ. ಮೈದುನನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ದರೆ ಕೈ ನಡುಗುತ್ತದೆ. ಸಿಸ್ಟರಮ್ಮ ಡಜನ್ ಮೊಟ್ಟೆ ಬೇಯಿಸಿ, ಒಂದು ಪೌಂಡ್ ಬ್ರೆಡ್ಡು ಮುಂದಿಟ್ಟರು. ಹಸಿವಿಲ್ಲ ಎಂದ ಓರಗಿತ್ತಿಯೂ ನಾಲ್ಕು ಮೊಟ್ಟೆ ತಿಂದಳು.

ಮೂರಕ್ಕೆ ಬೇಕರಿಗೆ ಹೋಗಿ ಕೋಳಿಯ ತೊಡೆಗೆ ಕಡ್ಡಿ ಚುಚ್ಚಿದರೆ ಇನ್ನೂ ಕೆಂಪು ನೀರು.

"ಇದನ್ನ ಈಗ ಡಿಸ್ಚಾರ್ಜ್ ಮಾಡೋ ಹಾಗಿಲ್ಲ," ಎಂದರು ಸಿಸ್ಟರಮ್ಮ.

"ನನ್ನ ಬನ್?"

"ನಿನ್ನ ಹರ್ನಿಯಾ ಆಪರೇಷನ್ ದಿನ ಬಾತ್‌ರೂಮಿಗೆ ನಡೆಸ್ಕೊಂಡು ಹೋಗಿದ್ದು ಯಾರಪ್ಪ?"

ಬೇಕರಿಯವನು ಗಿರಾಕಿಗಳ ಕಡೆ ಒಮ್ಮೆ ನೋಡಿ ಬನ್ನಿನ ಟ್ರೇ ಪಕ್ಕಕ್ಕೆ ಸರಿಸಿದ. ಆ ದಿನ ಬನ್ನು ಐದಕ್ಕೆ ಬೆಂದಿತು.

ಕೋಳಿ ಟೇಬಲ್ಲಿಗೆ ಬರುವಾಗ ನಾಲ್ಕೂಮುಕ್ಕಾಲು. ಲ್ಯಾಬಿನಿಂದ ಓಡಿಬಂದ ಮಗ ಚಾಕು ಹಿಡಿದ. ಯಾರಿಗೂ ಹಸಿವಿರಲಿಲ್ಲ. ಮೊದಲ ತುತ್ತಿಗೇ ಮೈದುನನ ಬಾಯಿಂದ ಗೇಣುದ್ದ ದಾರ ಬಂತು. ಮೇಷ್ಟ್ರು ಪತ್ರಿಕೆ ಅಡ್ಡ ಹಿಡಿದು ನಕ್ಕರು.

ಸೊಸೆ ಎದ್ದು ನಿಂತಳು. "ಈಗ ಒಬ್ಬೊಬ್ರೂ ಯಾವುದಕ್ಕೆ ಥ್ಯಾಂಕ್ಸ್ ಅಂತ ಹೇಳ್ಬೇಕು. ನಿಧಾನವಾಗಿ, ಒಬ್ಬೊಬ್ರೇ."

ಮೇಷ್ಟ್ರು ಕೋಳಿ ಗಲಾಟೆ ಮುಗೀತಲ್ಲ, ಅದಕ್ಕೆ ಥ್ಯಾಂಕ್ಸ್ ಎಂದರು. ಮೈದುನ ಮೊಟ್ಟೆಗೆ ಎಂದ. ಓರಗಿತ್ತಿ ಬೆರಳು ಒರೆಸಿಕೊಂಡು ಸಿಸ್ಟರಮ್ಮನ ಕಡೆ ತಿರುಗಿದಳು.

"ನಾನು ಹೇಳೋದಲ್ಲ, ನಂಗೆ ಯಾರಾದ್ರೂ ಹೇಳ್ಬೇಕಿತ್ತು. ಆರು ವರ್ಷ ನಿಮ್ಮ ಮಗ ಸ್ಕೂಲಿಂದ ಬಂದಿದ್ದು ನನ್ನ ಮನೆಗೆ. ನಿಮ್ಮ ಡ್ಯೂಟಿ ಮುಗಿಯೋ ತನಕ ಉಣ್ಸಿದ್ದು, ಜ್ವರ ಬಂದ್ರೆ ಒದ್ದೆ ಬಟ್ಟೆ ಹಾಕಿದ್ದು ನಾನು. ಒಂದಿನ ಒಂದು ಮಾತು ಆಡಿದ್ರಾ ಅಕ್ಕ? 'ಇವನ ಶರ್ಟಿನ ಗುಂಡಿ ಎಲ್ಲಿ' ಅಂತ ಕೇಳ್ತಿದ್ರಿ."

ಮಗ ಚಾಕು ಕೆಳಗಿಟ್ಟ.

"ಮನೆಯವರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನೇ? ನೀನೇನು ಹೊರಗಿನವಳಾ?" ಸಿಸ್ಟರಮ್ಮನ ದನಿ ಏರಿತು.

"ಮನೆಯವಳು ಅಂದ್ಕೊಂಡೇ ಇಷ್ಟು ವರ್ಷ ಸುಮ್ನಿದ್ದೆ."

ಸಿಸ್ಟರಮ್ಮನಿಗೆ ಮೈಯೆಲ್ಲ ಉರಿಯಿತು. ಬೆಳಿಗ್ಗೆಯಿಂದ ಪಟ್ಟ ಪಾಡಿಗೆ ಇದು ಬೇರೆ ಬಾಕಿಯಿತ್ತು. ಆದರೆ ಆ ದಿನಗಳೂ ಕಣ್ಣಮುಂದೆ ಬಂದವು: ಕಾಲು ಊದಿಸಿಕೊಂಡು ಇವಳ ಬಾಗಿಲಿಗೆ ಹೋದರೆ ಮಗ ಹೊಟ್ಟೆ ತುಂಬಿ, ತಲೆ ಬಾಚಿಸಿಕೊಂಡು ಮಲಗಿರುತ್ತಿದ್ದ. ಅದು ತನ್ನ ಕೈಯಲ್ಲಿ ಆಗಲಿಲ್ಲವಲ್ಲ ಎಂಬ ಸಂಕಟಕ್ಕೆ ಗುಂಡಿಯನ್ನು ಹುಡುಕುತ್ತಿದ್ದರು. ಅದು ಅವರಿಗೆ ಆಗಲೂ ಗೊತ್ತಿತ್ತು.

"ನೀನಿಲ್ದಿದ್ರೆ ಕೆಲಸ ಬಿಡ್ಬೇಕಾಗಿತ್ತು ನಾನು," ಎಂದರು ಇಂಜೆಕ್ಷನ್ ಚುಚ್ಚುವವರಂತೆ. "ಥ್ಯಾಂಕ್ಸ್. ಆಯ್ತಾ? ಈಗ ತಿನ್ನು, ತಣ್ಣಗಾಗುತ್ತೆ."

"ಇಷ್ಟು ರೇಗ್ಕೊಂಡು ಹೇಳೋದಾ?"

"ನಂಗೆ ಬರೋದೇ ಹೀಗೆ ಕಣೇ!"

ಓರಗಿತ್ತಿ ಸೆರಗಿನಲ್ಲಿ ಮೂಗೊರೆಸಿ, ಇಡೀ ಒಂದು ಕಾಲನ್ನು ತನ್ನ ತಟ್ಟೆಗೆ ಎಳೆದುಕೊಂಡಳು. ಹೋಗುವಾಗ ಉಳಿದದ್ದರಲ್ಲಿ ಅರ್ಧವನ್ನು ಸಿಸ್ಟರಮ್ಮನ ಒಳ್ಳೆಯ ಸ್ಟೀಲ್ ಡಬ್ಬಿಗೆ, ಕೇಳದೆಯೇ, ತುಂಬಿಕೊಂಡಳು.

ಭಾನುವಾರ ಸಿಸ್ಟರಮ್ಮ ಡಬ್ಬಿಯ ನೆಪ ಮಾಡಿಕೊಂಡು ಅವಳ ಮನೆಗೆ ಹೋದರು. ಕೆಲಸವಿಲ್ಲದೆ ಆ ಮೆಟ್ಟಿಲು ಹತ್ತಿ ಎಷ್ಟೋ ವರ್ಷವಾಗಿತ್ತು. ಎರಡು ಗಂಟೆ ಕುಳಿತು, ಎರಡು ಸಲ ಟೀ ಕುಡಿದು, ಮೈದುನನ ಮಾತ್ರೆಯ ವಿಷಯಕ್ಕೆ ಓರಗಿತ್ತಿಯ ಜೊತೆ ಚೆನ್ನಾಗಿ ಜಗಳವಾಡಿಯೇ ಬಂದರು.